ಹಾಲಿನ ಲೆಕ್ಕದ ಪಕ್ಕ ಎಂಜಿನ್ ಲೆಕ್ಕ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಹಳೇ ಯುದ್ಧವಿಮಾನ ನಿಂತಿದೆ. ಎಚ್‌ಎಫ್-24 ಮಾರುತ್. ಮಕ್ಕಳು ಫೋಟೋ ತೆಗೆಸಿಕೊಂಡು ಒಳಗೆ ಓಡಿದರು. ನಮ್ಮ ಮಾವ ಮಾತ್ರ ಅಲ್ಲೇ ನಿಂತುಬಿಟ್ಟರು.

ವಿಮಾನಪುರದ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಇದರ ತಗಡು ಜೋಡಿಸುವ ರಿವೆಟ್ ಹೊಡೆದವರು ಅವರು. ಹೊರಗಿನಿಂದ ಒಬ್ಬ ರಿವೆಟ್ ಗನ್ ಹಿಡಿದರೆ, ಒಳಗೆ ಮುದುಡಿ ಕೂತ ಇನ್ನೊಬ್ಬ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕಂತೆ. ಸಣ್ಣ ಆಳು ಅಂತ ಒಳಗಿನ ಕೆಲಸ ಇವರಿಗೇ.

“ಮೈ ಚೆನ್ನಾಗಿತ್ತಮ್ಮ. ಎಂಜಿನ್ ಸಾಲ್ಲಿಲ್ಲ ಅಷ್ಟೇ,” ಅಂದರು.

ನಿಜ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮವರ ಜೊತೆ ರೂಪಿಸಿದ ವಿಮಾನ. ಮೊದಲು ಹಾರಿದ್ದು 1961ರ ಜೂನ್ 17ರಂದು. ಶಬ್ದದ ಎರಡು ಪಟ್ಟು ವೇಗದ ಆಸೆ ಇತ್ತು. ಆದರೆ ನಂಬಿಕೊಂಡಿದ್ದ ಬ್ರಿಟಿಷ್ ಎಂಜಿನ್ ತಯಾರಿಸುವ ಕೆಲಸ ಅರ್ಧಕ್ಕೇ ನಿಂತುಹೋಯಿತು. ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್ ಹಾಕಿಕೊಂಡೇ ಹಾರಬೇಕಾಯಿತು. ಈಜಿಪ್ಟಿನವರ ಇ-300 ಎಂಜಿನ್ ಆಗುತ್ತಾ ಅಂತ ಒಂದು ಮಾರುತ್ ಅಲ್ಲಿಗೂ ಹೋಗಿತ್ತು! ಅದೂ ಕೈಗೂಡಲಿಲ್ಲ. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗಿ ದುಡಿಯಿತು.

ಆಮೇಲೆ ನಮ್ಮವರೇ ರೂಪಿಸಿದ ಯುದ್ಧವಿಮಾನ ತೇಜಸ್‌ನ ಕಥೆ ಬೇರೆಯಾಗುತ್ತೆ ಅಂದುಕೊಂಡಿದ್ದರು. 1983ರಲ್ಲಿ ಮಂಜೂರು, 2001ರ ಜನವರಿ 4ಕ್ಕೆ ಮೊದಲ ಹಾರಾಟ. ಅದಕ್ಕೆಂದೇ ಇಲ್ಲೇ ಸಿ.ವಿ. ರಾಮನ್ ನಗರದಲ್ಲಿ ಕಾವೇರಿ ಎಂಜಿನ್ ಕೆಲಸ ನಡೆದಿತ್ತು. ತೂಕ ಜಾಸ್ತಿ ಆಯ್ತು, ಬೇಕಾದಷ್ಟು ತಳ್ಳುವ ಶಕ್ತಿ ಬರಲಿಲ್ಲ. ಎಂಜಿನ್ ಒಳಗಿನ ಬಿಸಿ ಅದರ ಬ್ಲೇಡಿನ ಲೋಹವೇ ಕರಗುವಷ್ಟು ಇರುತ್ತದೆ. ಬ್ಲೇಡಿನಲ್ಲಿ ಸೂಜಿಯಂಥ ತೂತುಗಳನ್ನು ಮಾಡಿ, ಗಾಳಿ ಹಾಯಿಸಿ ಅದನ್ನು ಉಳಿಸಿಕೊಳ್ಳಬೇಕು. ಆ ವಿದ್ಯೆಯನ್ನು ಯಾವ ದೇಶವೂ ಸುಮ್ನೆ ಹೇಳಿಕೊಡಲ್ಲ. ಹಾಗಾಗಿ ತೇಜಸ್‌ಗೆ ಅಮೆರಿಕದ ಎಫ್404 ಎಂಜಿನ್ ಬಂತು.

2021ರಲ್ಲಿ ವಾಯುಪಡೆಗೆ 83 ತೇಜಸ್ ಬೇಕೆಂದು ಒಪ್ಪಂದವಾಯಿತು. ಅದೇ ವರ್ಷ 99 ಎಂಜಿನ್‌ಗೂ ಆರ್ಡರ್ ಹೋಯಿತು. ಅಮೆರಿಕದಲ್ಲಿ ಈ ಎಂಜಿನ್ ತಯಾರಿಸುವುದೇ ನಿಂತಿತ್ತು, ಮತ್ತೆ ಶುರು ಮಾಡಬೇಕಾಯಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ! ವಿಮಾನದ ಮೈ ತಯಾರಾಗಿ ಎಂಜಿನ್‌ಗಾಗಿ ಕಾಯುವುದು ನನಗೆ ಸುದ್ದಿ. ಮಾವನಿಗೆ ಇದು ಎರಡನೇ ಸಲ.

ಈಗ ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲ್ ಗೀಟುಗಳಿವೆ. ಪೇಪರಿನಲ್ಲಿ ಎಂಜಿನ್ ಬಂದ ಸುದ್ದಿ ಕಂಡರೆ ಮಾವ ಒಂದು ಗೀಟು ಎಳೆಯುತ್ತಾರೆ. ಮೊನ್ನೆ ಹಾಲಿನವನು ಅದನ್ನೂ ಸೇರಿಸಿ ದುಡ್ಡು ಕೇಳಿದ.