ಮೂರು ಸೊನ್ನೆ ಎಲ್ಲಿ ಹೋದವು?

ಬೆಂಗಳೂರಿನಲ್ಲಿ ಡೇಟಾ ಮೈಗ್ರೇಷನ್ ಕೆಲಸ ನಂದು. ಹಳೇ ಸಿಸ್ಟಮ್‌ನ ಲೆಕ್ಕ ಎತ್ತಿ ಹೊಸದಕ್ಕೆ ಹಾಕೋದು. ಒಮ್ಮೆ ಬ್ರೆಜಿಲ್‌ನ ಬಿಡಿಭಾಗ ವ್ಯಾಪಾರಿಯೊಬ್ಬರ ಬಿಲ್ಲುಗಳು ಬಂದವು, 1985ರಿಂದ. ಮೊತ್ತ ಅಂತ ಒಂದೇ ಕಾಲಂ. ಯಾವ ಕರೆನ್ಸಿ ಅಂತ ಎಲ್ಲೂ ಇಲ್ಲ.

ಬೋಲ್ಟ್ ಪೆಟ್ಟಿಗೆಯ ಎರಡು ಸಾಲು ಇನ್ನೂ ಕಣ್ಣ ಮುಂದಿವೆ. ಜುಲೈ 1993ರಲ್ಲಿ 4,80,000. ಆಗಸ್ಟ್‌ನಲ್ಲಿ ಬರೀ 620. ಟೈಪ್ ಮಾಡುವಾಗ ಯಾರೋ ಮೂರು ಸೊನ್ನೆ ನುಂಗಿದ್ದಾರೆ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಅಂಥ ಸಾಲುಗಳನ್ನೆಲ್ಲ ಸಾವಿರದಿಂದ ಗುಣಿಸುವ ಸ್ಕ್ರಿಪ್ಟ್ ಬರೆದು, ಓಡಿಸಿ, ಊಟಕ್ಕೆ ಹೋದೆ. ಜಾಣ ಅನ್ನೋ ಖುಷಿ ಬೇರೆ!

ಮರುದಿನ ಲೆಡ್ಜರ್ ಟ್ಯಾಲಿ ಆಗಲಿಲ್ಲ. ಕಾಲ್‌ನಲ್ಲಿ ಅಲ್ಲಿನ ಹಿರಿಯ ಅಕೌಂಟೆಂಟ್ ಮೇಡಂ ನಕ್ಕರು. ಸೊನ್ನೆ ತೆಗೆದದ್ದು ಟೈಪಿಸ್ಟ್ ಅಲ್ಲ, ಸರ್ಕಾರ. 1993ರ ಆಗಸ್ಟ್ 1ಕ್ಕೆ ಹಳೇ ಕರೆನ್ಸಿಯ ಸಾವಿರ ಕ್ರುಜೇರೊ ಸೇರಿ ಹೊಸ ಕರೆನ್ಸಿಯ ಒಂದು ಕ್ರುಜೇರೊ ರಿಯಲ್ ಆಗಿತ್ತು. 1986ರಲ್ಲೂ 1989ರಲ್ಲೂ ಹೀಗೇ ಮೂರು ಮೂರು ಸೊನ್ನೆ ಕಿತ್ತಿದ್ದರು. ಬೆಲೆ ಮಾತ್ರ ನಿಲ್ಲಲಿಲ್ಲ. 1993ರಲ್ಲಿ ಹಣದುಬ್ಬರ ಶೇ 2,000 ದಾಟಿತ್ತು. ಸಂಬಳ ಬಂದ ದಿನವೇ ಸೂಪರ್‌ಮಾರ್ಕೆಟ್‌ಗೆ ಓಟವಂತೆ. ಹೊಸ ಬೆಲೆ ಚೀಟಿ ಅಂಟಿಸುವ ಹುಡುಗ ಅಕ್ಕಿಯ ಹತ್ತಿರ ಬರೋಕೆ ಮುಂಚೆ ಇವರು ಅಲ್ಲಿರಬೇಕಿತ್ತಂತೆ.

ಸರಿ, ಈ ಮೂರೂ ಸಲ ಹಳೇ ಮೊತ್ತವನ್ನು ಹೊಸ ಕರೆನ್ಸಿಗೆ ತರೋಕೆ ಸಾವಿರದಿಂದ ಭಾಗಿಸಿದರೆ ಆಯ್ತು. ಆದರೆ 1994ರ ಜುಲೈಗೆ ಭಾಗಿಸಬೇಕಾದ ಸಂಖ್ಯೆ 2,750. ಇದ್ಯಾವ ಲೆಕ್ಕ? ಆ ವರ್ಷ ಮಾರ್ಚ್ 1ರಿಂದ ಯುಆರ್‌ವಿ ಅಂತ ಒಂದು ಅಳತೆ ತಂದಿದ್ದರು. ನೋಟಿಲ್ಲ, ನಾಣ್ಯವಿಲ್ಲ, ಸುಮ್ನೆ ಲೆಕ್ಕಕ್ಕೆ. ಬೆಲೆ, ಸಂಬಳ ಬರೆಯೋದು ಯುಆರ್‌ವಿಯಲ್ಲಿ, ಕೊಡೋದು ಕ್ರುಜೇರೊ ರಿಯಲ್‌ನಲ್ಲಿ. ಒಂದು ಯುಆರ್‌ವಿಗೆ ಎಷ್ಟು ಅಂತ ಸೆಂಟ್ರಲ್ ಬ್ಯಾಂಕ್ ದಿನಾ ಹೇಳುತ್ತಿತ್ತು. ಮೊದಲ ದಿನ 647.50, ಕೊನೆಗೆ 2,750. ಕೈಯಲ್ಲಿನ ನೋಟು ಕರಗುತ್ತಿದ್ದರೂ ಯುಆರ್‌ವಿ ಬೆಲೆ ಹೆಚ್ಚುಕಮ್ಮಿ ನಿಂತಲ್ಲೇ ಇತ್ತು. ಏರದ ಬೆಲೆ ನೋಡೋದು ಜನಕ್ಕೆ ರೂಢಿಯಾಯಿತು. ಜುಲೈ 1ಕ್ಕೆ ಅದೇ ಯುಆರ್‌ವಿ ರಿಯಲ್ ಅನ್ನೋ ಹೆಸರಲ್ಲಿ ನೋಟಾಗಿ ಕೈಗೆ ಬಂತು. ಬರೀ ಸೊನ್ನೆ ಕೀಳೋದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ನನ್ನ ಸ್ಕ್ರಿಪ್ಟ್ ಮಾಡಿದ್ದನ್ನೆಲ್ಲ ಅಳಿಸಿದೆ. ಮೂಲ ಮೊತ್ತ ಹಾಗೇ ಬಿಟ್ಟು, ಪಕ್ಕದಲ್ಲಿ ಕರೆನ್ಸಿ ಕಾಲಂ ಸೇರಿಸಿದೆ. ಬಿಲ್ ತಾರೀಖು ನೋಡಿ ಲೆಕ್ಕ ಬದಲಿಸೋಕೆ ಐದು ಸಾಲಿನ ಪುಟ್ಟ ಟೇಬಲ್. ಅದರಲ್ಲಿ 1990ರ ಮಾರ್ಚ್ ವಿಚಿತ್ರ. ಆಗ ಹೆಸರಷ್ಟೇ ಬದಲಾಗಿತ್ತು, ಸೊನ್ನೆ ಹೋಗಿರಲಿಲ್ಲ.

“1ರಿಂದ ಭಾಗಿಸೋದು ಯಾಕೆ ಸರ್? ಈ ಸಾಲು ತೆಗೆದುಬಿಡ್ಲಾ?” ಅಂದ ನಮ್ಮ ಜೂನಿಯರ್.

“ಬೇಡಪ್ಪ, ಇರಲಿ” ಅಂದೆ.