ಫೇರ್‌ಫರ್ಡ್ ಚರ್ಚ್: ಬಿಸಿಲು ನೋಡಿಕೊಂಡು ಹೋಗಿ

ಇಂಗ್ಲೆಂಡಿನ ಫೇರ್‌ಫರ್ಡ್ ಅನ್ನುವ ಊರಿಗೆ, ಅಲ್ಲಿನ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳನ್ನು ನೋಡಲು, ನಾನು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಹೋದದ್ದು ಡಿಸೆಂಬರ್‌ನಲ್ಲಿ, ಮಧ್ಯಾಹ್ನ ಮೂರೂವರೆಗೆ. ಮೋಡ ಕವಿದಿತ್ತು. ಕಿಟಕಿಗಳೆಲ್ಲ ಕಪ್ಪು ಹಲಗೆಯ ಹಾಗೆ ಕಂಡವು. ಅಷ್ಟು ದೂರ ಹೋಗಿ ಏನೂ ನೋಡದೆ ವಾಪಸ್ ಬಂದಾಗ ತುಂಬಾ ಬೇಜಾರಾಯಿತು. ಮೇ ತಿಂಗಳ ಒಂದು ಬಿಸಿಲಿನ ದಿನ ಮತ್ತೆ ಹೋದೆ. ಒಳಗೆ ಕಾಲಿಟ್ಟವಳು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತುಬಿಟ್ಟೆ.

ಮಗನ ಮನೆಗೋ ಮಗಳ ಮನೆಗೋ ಅಂತ ಇಂಗ್ಲೆಂಡಿಗೆ ಬಂದವರು ಕಾಟ್ಸ್‌ವಲ್ಡ್ಸ್ ಅನ್ನುವ ಗುಡ್ಡದ ಸೀಮೆ ಸುತ್ತುವಾಗ ಬೈಬರಿ ಹಳ್ಳಿ ನೋಡಿ ಮುಂದೆ ಹೊರಟುಬಿಡುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿದೆ ಈ ಸೇಂಟ್ ಮೇರಿ ಚರ್ಚ್. ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಇಂಗ್ಲೆಂಡಿನ ಊರ ಚರ್ಚುಗಳಲ್ಲಿ ಮಧ್ಯಯುಗದ ಬಣ್ಣದ ಗಾಜು ಪೂರ್ತಿ ಸೆಟ್ಟಾಗಿ ಉಳಿದಿರುವುದು ಇಲ್ಲಿ ಮಾತ್ರ. ಒಟ್ಟು 28 ಕಿಟಕಿಗಳು.

ಕಟ್ಟಿಸಿದ್ದು ಕುರಿ ಉಣ್ಣೆಯ ದುಡ್ಡು. ಜಾನ್ ಟೇಮ್ ಅನ್ನುವ ಉಣ್ಣೆ ವ್ಯಾಪಾರಿ 1490ರ ದಶಕದಲ್ಲಿ ಹಳೆಯ ಚರ್ಚನ್ನು ಹೊಸದಾಗಿ ಕಟ್ಟಿಸಿದ. 1500ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಎಡ್ಮಂಡ್ ಕೆಲಸ ಮುಗಿಸಿದ. ಶೈಲಿ ಪರ್ಪೆಂಡಿಕ್ಯುಲರ್: ತೆಳ್ಳನೆಯ ಕಂಬ, ನೆಟ್ಟಗೆ ಮೇಲೇರುವ ಕಲ್ಲಿನ ಪಟ್ಟಿಗಳು, ಗೋಡೆಗಿಂತ ಕಿಟಕಿಯೇ ಜಾಸ್ತಿ. ಇಷ್ಟೊಂದು ಗಾಜು ಹಿಡಿಸಿದ್ದೇ ಅದರಿಂದ. ಗಾಜಿನ ಕೆಲಸದ ಹಿಂದೆ ರಾಜನ ಗಾಜುಗಾರ ಬರ್ನಾರ್ಡ್ ಫ್ಲವರ್ ಇದ್ದ ಎಂದು ಬಲ್ಲವರು ಹೇಳುತ್ತಾರೆ.

ಒಂದು ಮಾತು ನೆನಪಿಡಿ. ಕಿಟಕಿಗಳನ್ನು ಕ್ರಮವಾಗಿಯೇ ನೋಡಿ, ಏಕೆಂದರೆ ಇಡೀ ಚರ್ಚ್ ಒಂದು ಕಥೆ. ಒಳಗೆ ಬಂದವರು ಸೀದಾ ಎದುರಿನ ಉತ್ತರದ ಗೋಡೆಗೆ ಹೋಗಿ. ಲೇಡಿ ಚಾಪೆಲ್‌ನ (ಮೇರಿಯ ಹೆಸರಿನ ಪುಟ್ಟ ಪ್ರಾರ್ಥನಾ ಜಾಗ) ಮರದ ಪರದೆಯ ಪಕ್ಕದ ಕಿಟಕಿಯಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಹವ್ವ, ಮೋಶೆ, ಗಿದ್ಯೋನ, ಸೊಲೊಮೋನನ ಮುಂದೆ ಶೆಬದ ರಾಣಿ ಇದ್ದಾರೆ. ಅಲ್ಲಿಂದ ಬಲಕ್ಕೆ ಸಾಗಿ. ಮೇರಿಯ ಕಥೆ, ಯೇಸುವಿನ ಜನನ, ಪೂರ್ವದ ದೊಡ್ಡ ಕಿಟಕಿಯಲ್ಲಿ ಶಿಲುಬೆ, ಆಮೇಲೆ ಪುನರುತ್ಥಾನ. ದಕ್ಷಿಣದ ಗೋಡೆಯಲ್ಲಿ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು, ನಿಂತಿದ್ದಾರೆ, ಎದುರಿನ ಗೋಡೆಯಲ್ಲಿ ಪ್ರವಾದಿಗಳು. ಮೇಲಿನ ಸಾಲನ್ನು ಮರೆಯಬೇಡಿ. ಒಂದು ಕಡೆ ಹುತಾತ್ಮರು, ಅವರಿಗೆ ಎದುರಾಗಿ ಅವರನ್ನು ಹಿಂಸಿಸಿದವರು, ಆ ದುಷ್ಟರ ತಲೆಯ ಮೇಲೆ ಪುಟ್ಟ ಪುಟ್ಟ ದೆವ್ವಗಳು! ಬರಿಗಣ್ಣಿಗೆ ಇವು ಸರಿಯಾಗಿ ಕಾಣುವುದಿಲ್ಲ. ಒಂದು ದುರ್ಬೀನು ಇಟ್ಟುಕೊಳ್ಳಿ.

ಕೊನೆಗೆ ಪಶ್ಚಿಮದ ಕಿಟಕಿ, ಅಂತಿಮ ತೀರ್ಪು. ಮೇಲೆ ಕ್ರಿಸ್ತ, ಕೆಳಗೆ ಒಂದು ಪಕ್ಕ ಸ್ವರ್ಗಕ್ಕೆ ಹೋಗುವವರು, ಇನ್ನೊಂದು ಪಕ್ಕ ಕೆಂಪಗೆ ಉರಿಯುವ ನರಕ. ಅಲ್ಲಿ ಒಂದು ದೆವ್ವ ಪಾಪಿಯೊಬ್ಬಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದೆ. ನನ್ನ ಜೊತೆಗಿದ್ದ ಮಕ್ಕಳು ಅದನ್ನು ಬಿಟ್ಟು ಬರಲೇ ಇಲ್ಲ. 1703ರ ದೊಡ್ಡ ಬಿರುಗಾಳಿಯಲ್ಲಿ ಈ ಕಡೆಯ ಕಿಟಕಿಗಳಿಗೆ ತುಂಬಾ ಪೆಟ್ಟಾಯಿತು. ಈ ಕಿಟಕಿಯ ಮೇಲರ್ಧವನ್ನು 19ನೇ ಶತಮಾನದಲ್ಲಿ ಹೊಸದಾಗಿ ಮಾಡಿ ಕೂರಿಸಿದರು. ಕೆಳಗಿನ ಕೆಂಪನ್ನೂ ಮೇಲಿನ ಕೆಂಪನ್ನೂ ಹೋಲಿಸಿ ನೋಡಿ, ಹಳೆಯದಕ್ಕೆ ಇರುವ ಆಳ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಜನ್ನೆಲ್ಲ ಬಿಚ್ಚಿ ಬಚ್ಚಿಟ್ಟಿದ್ದರು. ಹಾಗಾಗಿ ಇವತ್ತು ನಮಗೆ ಉಳಿದಿದೆ.

ಬೆಳಿಗ್ಗೆ ಪೂರ್ವದ ಕಿಟಕಿ ಚೆನ್ನ, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಹನ್ನೊಂದಕ್ಕೆ ಹೋಗಿ, ನಡುವೆ ಊಟ ಮಾಡಿ, ಮತ್ತೆ ಒಳಗೆ ಬನ್ನಿ. ಟಿಕೆಟ್ ಇಲ್ಲ, ಹುಂಡಿಗೆ ಏನಾದರೂ ಹಾಕಿ. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತಲ್ಲಿ ಸುಮ್ನೆ ಓಡಾಡಬೇಡಿ, ಅದು ಊರವರ ಚರ್ಚ್ ಅಲ್ವಾ.

ಊರಿನ ರೈಲು 1962ರಲ್ಲೇ ನಿಂತಿತು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ ಸುಲಭ. ಬಸ್ಸನ್ನು ನಂಬಿದರೆ ವಾಪಸ್ ಬರುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ಜುಲೈಯಲ್ಲಿ ಪಕ್ಕದ ವಾಯುನೆಲೆಯಲ್ಲಿ ದೊಡ್ಡ ವಿಮಾನ ಪ್ರದರ್ಶನ ನಡೆಯುತ್ತದೆ. ಆ ವಾರ ರಸ್ತೆ ತುಂಬಾ ಕಾರು, ರೂಮೂ ಸಿಗುವುದಿಲ್ಲ.

ಹೊರಡುವ ಮುಂಚೆ ಚರ್ಚಿನ ಅಂಗಳದಲ್ಲಿ ಟಿಡಲ್ಸ್‌ನನ್ನು ಹುಡುಕಿ. 1963ರಿಂದ 1980ರವರೆಗೆ ಇಲ್ಲಿದ್ದ ಚರ್ಚಿನ ಬೆಕ್ಕು ಅದು. ಊರವರು ಅದಕ್ಕೂ ಒಂದು ಕಲ್ಲು ನೆಟ್ಟಿದ್ದಾರೆ.