ಕಿಕ್ಕೇರಿ ಹೋಬಳಿಯ ವಂಶಾವಳಿ: ಕೆಲಸ ಎಲ್ಲಿಗೆ ಬಂತು

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯ ಮನೆತನಗಳನ್ನು ದಾಖಲೆ ಸಮೇತ ಜೋಡಿಸುವ ಕೆಲಸದಲ್ಲಿ ಪಹಣಿಯ (ಜಮೀನಿನ ಹಕ್ಕು, ಉಳುಮೆಯ ದಾಖಲೆ) ಹಂತ ಮುಗಿದಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಹಂತ ಅರ್ಧದಲ್ಲಿದೆ. ಮನೆಮನೆಗೆ ಬಂದು ವಂಶ ಹೇಳುವ ಹೆಳವರ ಪಟ್ಟಿಯ ಜೊತೆ ತಾಳೆ ಹಾಕುವುದು ಈಗ ಶುರುವಾಗಿದೆ. ಈ ಸಲದ ದೊಡ್ಡ ಬದಲಾವಣೆ ಎಂದರೆ, ಹೆಸರು ಹಿಡಿದು ಹುಡುಕುವುದನ್ನು ಪೂರ್ತಿ ಬಿಟ್ಟು ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗುತ್ತಿರುವುದು.

ಹೆಸರು ಏಕೆ ಕೈಕೊಡುತ್ತದೆ ಎಂಬುದು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಮೊದಲ ಮೊಮ್ಮಗನಿಗೆ ತಾತನ ಹೆಸರು. ಹಾಗಾಗಿ ಒಂದು ಮನೆಯಲ್ಲಿ ‘ಬೋರೇಗೌಡ ಬಿನ್ ನಂಜೇಗೌಡ’ (ನಂಜೇಗೌಡನ ಮಗ ಬೋರೇಗೌಡ), ಮುಂದಿನ ತಲೆಗೆ ‘ನಂಜೇಗೌಡ ಬಿನ್ ಬೋರೇಗೌಡ’, ಅದರ ಮುಂದಿನದಕ್ಕೆ ಮತ್ತೆ ಮೊದಲಿನದೇ. ತಾತನಿಗೆ ನಾಲ್ಕು ಗಂಡುಮಕ್ಕಳಿದ್ದರೆ ನಾಲ್ಕು ಮನೆಯಲ್ಲೂ ಒಬ್ಬೊಬ್ಬ ಬೋರೇಗೌಡ, ನಾಲ್ವರೂ ಒಂದೇ ಕಾಲದವರು. ಊರಲ್ಲಿ ಅವರನ್ನು ಗುರುತಿಸುತ್ತಿದ್ದದ್ದು ದೊಡ್ಡ, ಚಿಕ್ಕ, ಕರಿಯ, ಮೇಗಲಮನೆ ಎಂಬ ಅಡ್ಡಹೆಸರಿನಿಂದ. ಅದು ಕಾಗದಕ್ಕೆ ಬಂದರೆ ‘ಉರುಫ್’ ಎಂದು ಬರುತ್ತದೆ, ಹೆಚ್ಚಿನ ಕಡೆ ಬರುವುದೇ ಇಲ್ಲ. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ.

ಹಿಂದಕ್ಕೆ ಹೋಗುವ ಕ್ರಮ ಹೀಗಿದೆ. ಇವತ್ತಿನ ಗಣಕೀಕೃತ ಪಹಣಿಯಿಂದ ಹೊರಡಿ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರನ (ಜಮೀನಿನ ಹಕ್ಕುದಾರನ) ಹೆಸರು, ಹತ್ತನೆಯದರಲ್ಲಿ ಆ ಹಕ್ಕು ಬಂದ ಬಗೆ. ವಂಶಾವಳಿ ಮಾಡುವವರಿಗೆ ಹತ್ತನೇ ಕಾಲಮ್ಮೇ ಬಂಡವಾಳ. ‘ಎಂಆರ್ 12/1978-79’ ಎಂಬಂತೆ ಇದ್ದರೆ ಆ ವರ್ಷದ ಹಕ್ಕು ಬದಲಾವಣೆ ಪುಸ್ತಕ, ಅಂದರೆ ಮ್ಯುಟೇಷನ್ ರಿಜಿಸ್ಟರ್‌ನ ಹನ್ನೆರಡನೇ ನಮೂದಿನ ನಕಲು ಕೇಳಬೇಕು. ‘ಐಎಚ್‌ಸಿ’ ಎಂದಿದ್ದರೆ ಅದು ವಾರಸಿನ ಖಾತೆ: ಯಾರೋ ತೀರಿಕೊಂಡು ಮಕ್ಕಳ ಹೆಸರಿಗೆ ಬಂದದ್ದು, ಅಂದರೆ ಒಂದು ತಲೆಮಾರಿನ ಕೊಂಡಿ ನೇರವಾಗಿ ಸಿಕ್ಕ ಹಾಗೆ. ‘ಆರ್‌ಆರ್’ ಎಂದಿದ್ದರೆ ಇನ್ನೂ ಹಳೆಯ ಹಕ್ಕು ದಾಖಲೆಗೆ ಹೋಗಬೇಕು. ಹಳೇ ಮೈಸೂರಿನಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಎರಡನ್ನೂ ಜೊತೆಗೇ ಕೇಳುವುದು ವಾಡಿಕೆ. ಮೊದಲನೆಯದು ಸರ್ವೆ ನಂಬರಿನಿಂದ ಆರ್‌ಆರ್ ನಂಬರಿಗೆ ದಾರಿ ತೋರಿಸುತ್ತದೆ, ಎರಡನೆಯದರಲ್ಲಿ ಹಕ್ಕಿನ ವಿವರ ಇರುತ್ತದೆ.

ಗಣಕೀಕೃತ ಪಹಣಿ 2000ದ ಆಸುಪಾಸಿನ ಭೂಮಿ ಯೋಜನೆಯಿಂದ ಈಚೆಗಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ನಾಲ್ಕೂ ಇರಲೇಬೇಕು. ‘ನಮ್ಮ ತಾತನ ಜಮೀನಿನ ದಾಖಲೆ’ ಎಂದು ಬರೆದರೆ ಹುಡುಕಿ ಕೊಡುವವರಿಲ್ಲ. ಸಿಗದಿದ್ದರೆ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ‘ಇಲ್ಲ’ ಎಂದದ್ದು ಎಷ್ಟೋ ಸಲ ಪಕ್ಕದ ಕಟ್ಟಿನಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ನಮೂನೆ ‘ಎ’, ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹತ್ತು ಸರ್ವೆ ನಂಬರನ್ನು ಒಂದೇ ಅರ್ಜಿಗೆ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ನಂಬರ್ ಹಿಡಿದು ಹೋಗುವಾಗ ಮುಖ್ಯ ತೊಡಕು ಪೋಡಿ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು. 45 ಇದ್ದದ್ದು 45/1, 45/2 ಆಗುತ್ತದೆ, 45/1 ಮುಂದೆ 45/1ಎ ಆಗುತ್ತದೆ, ಪೋಡಿಯಾಗದ ಕಡೆ ‘ಪೈಕಿ’ ಎಂದು ಉಳಿಯುತ್ತದೆ. ಇದನ್ನು ಬಿಡಿಸಲು ಸರ್ವೆ ಇಲಾಖೆಯ ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿ (ಅಳತೆಯ ದಾಖಲೆ) ಬೇಕು. ಇವು ತಹಶೀಲ್ದಾರರ ದಾಖಲೆ ಕೊಠಡಿಯಲ್ಲಿ ಸಿಗುವುದಿಲ್ಲ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ ಬೇರೆಯದೇ ಅರ್ಜಿ.

ಹಿಸ್ಸೆಗಳ (ಭಾಗವಾದ ತುಂಡುಗಳ) ವಿಸ್ತೀರ್ಣ ಕೂಡಿಸಿ ನೋಡುವುದೇ ಈ ಕೆಲಸದ ಅತ್ಯುತ್ತಮ ಪರೀಕ್ಷೆ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಆಕಾರ್‌ಬಂದ್‌ನಲ್ಲಿ ಒಟ್ಟು 4-28 (4 ಎಕರೆ 28 ಗುಂಟೆ), ಅದರಲ್ಲಿ ಖರಾಬು (ಸಾಗುವಳಿಗೆ ಬಾರದ್ದು) 0-08 ಎಂದಿದೆ ಅನ್ನಿ. ಉಳಿದದ್ದು 4-20. ಈಗ ಪಹಣಿಯಲ್ಲಿ ನಾಲ್ಕು ಹಿಸ್ಸೆ: 1-20, 1-20, 0-30, 0-30. ಕೂಡಿದರೆ ಸರಿಯಾಗಿ 4-20. ಇದರಿಂದ ಮೂವರು ಅಣ್ಣತಮ್ಮಂದಿರು ಸಮ ಪಾಲು ಮಾಡಿಕೊಂಡರು, ಮೂರನೆಯವನ ಪಾಲು ಅವನ ಇಬ್ಬರು ಮಕ್ಕಳಿಗೆ ಹರಿದು ಹಂಚಿತು ಎಂಬ ಊಹೆ ಹುಟ್ಟುತ್ತದೆ. ಊಹೆ ಅಷ್ಟೇ. ಅರ್ಧ ಪಾಲು ಮಾರಿದ್ದರೂ ಇದೇ ಅಂಕಿ ಬರುತ್ತದೆ. ಹತ್ತನೇ ಕಾಲಂ ಕ್ರಯ ಎನ್ನುತ್ತದೋ ವಿಭಾಗ ಎನ್ನುತ್ತದೋ ನೋಡಿಯೇ ಗೆರೆ ಎಳೆಯಬೇಕು. ಖರಾಬು ಕಳೆಯಲು ಮರೆತರೆ ಎಂಟು ಗುಂಟೆಯ ಇಲ್ಲದ ಪಾಲುದಾರನೊಬ್ಬ ಹುಟ್ಟಿಕೊಳ್ಳುತ್ತಾನೆ.

ಅಂಕಿ ಓದುವಾಗಿನ ಇನ್ನೊಂದು ಬಲೆ: 1-8-0 ಎಂಬುದು ವಿಸ್ತೀರ್ಣದ ಕಾಲಂನಲ್ಲಿದ್ದರೆ ಎಕರೆ, ಗುಂಟೆ, ಆಣೆ. ಕಂದಾಯದ ಕಾಲಂನಲ್ಲಿದ್ದರೆ ರೂಪಾಯಿ, ಆಣೆ, ಪೈ. 1957ರ ಏಪ್ರಿಲ್‌ನಿಂದ ಹೊಸ ಪೈಸೆ ಬಂದ ಮೇಲೂ ಕೆಲವರು ಕೆಲ ವರ್ಷ ಹಳೆಯ ರೂಢಿಯಲ್ಲೇ ಬರೆದಿದ್ದಾರೆ. ತಲೆಬರಹ ಹರಿದುಹೋದ ಹಾಳೆಯಲ್ಲಿ ಪಕ್ಕದ ನಂಬರುಗಳ ಸಾಲು ನೋಡಿ ತೀರ್ಮಾನಿಸುವುದು ಬಿಟ್ಟರೆ ದಾರಿಯಿಲ್ಲ.

ಪೌತಿ ಖಾತೆಯನ್ನು (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಬಂದ ಖಾತೆ) ಅತಿಯಾಗಿ ನಂಬಬೇಡಿ. ಖಾತೆಯಾದ ವರ್ಷ ಸತ್ತ ವರ್ಷವಲ್ಲ. ಸಾಲಕ್ಕೋ ಮಾರಾಟಕ್ಕೋ ಅಗತ್ಯ ಬೀಳುವ ತನಕ ತಾತನ ಹೆಸರಲ್ಲೇ ಖಾತೆ ಬಿಡುವುದು ನಮ್ಮ ಕಡೆ ಮಾಮೂಲು, ಇಪ್ಪತ್ತು ವರ್ಷ ತಡವಾದರೂ ಯಾರೂ ಹುಬ್ಬೇರಿಸುವುದಿಲ್ಲ. ಜೊತೆಗೆ ಕೊಟ್ಟ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮಕ್ಕಳಿಲ್ಲದೆ ತೀರಿಕೊಂಡವರು, ಮೊದಲ ಹೆಂಡತಿ, ಇವರೆಲ್ಲ ಬಿಟ್ಟುಹೋಗಿರುವುದೇ ಹೆಚ್ಚು. ಒಟ್ಟು ಕುಟುಂಬವಾಗಿದ್ದಾಗ ಯಜಮಾನನ ಹೆಸರೊಂದೇ ಇರುತ್ತದೆ. ತಮ್ಮಂದಿರು ಪಾಲಾಗುವ ತನಕ ಕಾಗದದ ಮಟ್ಟಿಗೆ ಹುಟ್ಟಿಯೇ ಇಲ್ಲ.

ಇಲ್ಲಿಂದ ಮುಂದೆ ರಿಜಿಸ್ಟ್ರಾರ್ ಕಚೇರಿ. 2004ರ ಏಪ್ರಿಲ್‌ನಿಂದ ಈಚೆಗಿನ ಋಣಭಾರ ಪತ್ರ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) ಕಂಪ್ಯೂಟರಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸೂಚಿ ಪುಸ್ತಕ ತಿರುವಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿ. ಅದನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲು ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರ ಪತ್ರ ಮೂರನೇ ಪುಸ್ತಕದಲ್ಲಿ. ಬರೆದುಕೊಟ್ಟವರು ಬದುಕಿರುವ ತನಕ ಅದರ ನಕಲು ಬೇರೆಯವರಿಗಿಲ್ಲ. ಸೂಚಿ ಎರಡು ಬಗೆ: ಒಂದು ಹೆಸರಿನದು, ಇನ್ನೊಂದು ಆಸ್ತಿಯದು. ಆಸ್ತಿಯದನ್ನೇ ಹಿಡಿಯಿರಿ, ಕಾರಣ ಮೇಲೆ ಹೇಳಿದ್ದೇ.

ಪತ್ರ ಕೈಗೆ ಬಂದಾಗ ಹೆಚ್ಚಿನವರು ಮೊದಲ ಪುಟ ಓದಿ ಬಿಡುತ್ತಾರೆ. ಬೇಕಾದದ್ದು ಷೆಡ್ಯೂಲಿನ ಚಕ್ಕುಬಂದಿಯಲ್ಲಿದೆ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ. ‘ಪೂರ್ವಕ್ಕೆ ನನ್ನ ಅಣ್ಣನ ಪಾಲಿನ ಜಮೀನು, ಉತ್ತರಕ್ಕೆ ನಮ್ಮ ಚಿಕ್ಕಪ್ಪನ ಬಾಬ್ತು’ ಎಂಬ ಒಂದು ಸಾಲು ಪಹಣಿಯ ಮೂರು ದಶಕಕ್ಕಿಂತ ಹೆಚ್ಚು ಹೇಳುತ್ತದೆ. ಪಾಲು ಪಾರೀಖತ್ತಿನಲ್ಲಿ (ಪಾಲುಪತ್ರದಲ್ಲಿ) ಎಲ್ಲ ಅಣ್ಣತಮ್ಮಂದಿರ ಹೆಸರು, ಅಂದಾಜು ವಯಸ್ಸು, ಯಾರು ಮೈನರ್, ಅವರ ಪೋಷಕಿ ಯಾರು ಎಂಬುದೆಲ್ಲ ಒಟ್ಟಿಗೇ ಸಿಗುತ್ತದೆ. ಸಾಕ್ಷಿ ಹಾಕಿದವರನ್ನೂ ಬರೆದಿಟ್ಟುಕೊಳ್ಳಿ. ಬೇರೆ ಊರಿನ ಸಾಕ್ಷಿ ಬಹುಪಾಲು ಸೋದರಮಾವನೋ ಭಾವಮೈದುನನೋ ಆಗಿರುತ್ತಾನೆ, ಹೆಂಗಸರ ತವರು ಪತ್ತೆಯಾಗುವುದು ಹೀಗೆಯೇ. ‘ಕೋಂ’ (ಹೆಂಡತಿ) ಎಂದು ಗಂಡನ ಹೆಸರಿನ ಹಿಂದೆ ನಿಂತ ಹೆಂಗಸಿನ ತಂದೆ ಯಾರು ಎಂದು ಪಹಣಿ ಎಂದೂ ಹೇಳುವುದಿಲ್ಲ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂದದ್ದರಿಂದ, ಅದರ ನಂತರದ ಪಾಲುಪತ್ರಗಳಲ್ಲಿ ವಿಧವೆ, ತಾಯಿ, ಮದುವೆಯಾಗದ ಮಗಳ ಹೆಸರು ಹುಡುಕುವುದು ಸಾರ್ಥಕ.

ಊರಿನ ವಿಳಾಸ ಬದಲಾದದ್ದು ಮರೆಯಬಾರದು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ಇದೇ ಹೋಬಳಿ ಮೈಸೂರು ಜಿಲ್ಲೆಯದು. ಇನ್ನೂ ಹಿಂದೆ, ಹತ್ತೊಂಬತ್ತನೇ ಶತಮಾನದ ಕಾಗದಗಳಲ್ಲಿ ತಾಲ್ಲೂಕಿನ ಹೆಸರೇ ಅತ್ತಿಕುಪ್ಪ. ಪತ್ರಾಗಾರದ ಸೂಚಿಯಲ್ಲಿ ಕೃಷ್ಣರಾಜಪೇಟೆ ಎಂದು ಹುಡುಕಿ ಬರಿಗೈಯಲ್ಲಿ ಬಂದವರು ಅತ್ತಿಕುಪ್ಪ ಎಂದು ಮತ್ತೊಮ್ಮೆ ಹುಡುಕಲಿ. ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರಿದ ಊರುಗಳಿಂದ ಎದ್ದುಬಂದ ಮನೆತನಗಳಾದರೆ ಹಳೆಯ ಊರಿನ ಸರ್ವೆ ನಂಬರಿಗೂ ಹೊಸ ಊರಿನದಕ್ಕೂ ಸಂಬಂಧವೇ ಇಲ್ಲ, ಅಲ್ಲಿ ಭೂಸ್ವಾಧೀನದ ಕಡತವೇ ಸೇತುವೆ.

ತಾರೀಖಿನ ವಿಚಾರ. ಹಳೆಯ ಪತ್ರ, ಮದುವೆ ಕಾಗದ, ತಾತಂದಿರ ನೆನಪು ಎಲ್ಲದರಲ್ಲೂ ಸಂವತ್ಸರವೇ. ಲೆಕ್ಕ ಸುಲಭ: ಅರವತ್ತರಲ್ಲಿ ಮೊದಲನೆಯದಾದ ಪ್ರಭವ ಬಂದದ್ದು 1867, 1927, 1987ರ ಯುಗಾದಿಗೆ. ಸಂವತ್ಸರದ ಕ್ರಮಸಂಖ್ಯೆಯಿಂದ ಒಂದು ಕಳೆದು ಇವುಗಳಿಗೆ ಕೂಡಿಸಿ. ಕ್ರೋಧಿ 38ನೆಯದು, ಆದ್ದರಿಂದ 1904, 1964 ಅಥವಾ 2024. ಪುಷ್ಯ, ಮಾಘ, ಫಾಲ್ಗುಣದಲ್ಲಿ ನಡೆದದ್ದಾದರೆ ಇಂಗ್ಲಿಷ್ ವರ್ಷ ಬಹುತೇಕ ಒಂದು ಮುಂದಕ್ಕೆ ಹೋಗುತ್ತದೆ. ಅರವತ್ತು ವರ್ಷದ ಗೊಂದಲ ಬಿಡಿಸಲು ಊರೇ ನೆನಪಿಟ್ಟ ಘಟನೆ ಬೇಕು. ಧಾತು, ಈಶ್ವರದ ಬರ ಎಂದರೆ 1876-78. ಇನ್‌ಫ್ಲುಯೆಂಜಾ ಹಾವಳಿ 1918, ಕಾಳಯುಕ್ತಿ. ಕಾವೇರಿಯ ಮಹಾಪ್ರವಾಹ 1924, ರಕ್ತಾಕ್ಷಿ. ‘ಅಮ್ಮ ಹುಟ್ಟಿದ್ದು ದೊಡ್ಡ ನೆರೆಯ ವರ್ಷ’ ಎಂಬ ಮಾತಿಗೆ ಶಾಲಾ ದಾಖಲಾತಿ ಪುಸ್ತಕದ ಜನ್ಮದಿನಾಂಕಕ್ಕಿಂತ ಹೆಚ್ಚು ಬೆಲೆ ಕೊಡಿ. ಆ ಪುಸ್ತಕಗಳಲ್ಲಿ ಅರ್ಧ ತರಗತಿ ಜೂನ್ ತಿಂಗಳಲ್ಲೇ ಹುಟ್ಟಿರುತ್ತದೆ, ಮೇಷ್ಟ್ರು ಶಾಲೆಗೆ ಸೇರುವ ವಯಸ್ಸು ಹೊಂದಿಸಿದ್ದು. ಆದರೆ ತಂದೆಯ ಹೆಸರು, ಕಸುಬು, ಊರು, ಹಿಂದಿನ ಶಾಲೆ ಇವು ಅಲ್ಲಿ ನಂಬಬಹುದಾದವು.

ಸರ್ವೆ ನಂಬರ್ ವಿಧಾನದ ದೊಡ್ಡ ಕೊರತೆ ಎದ್ದು ಕಾಣುವಂಥದ್ದು: ಜಮೀನಿಲ್ಲದವರು ಅದರಲ್ಲಿ ಇಲ್ಲ. ಹಾಗೆಂದು ಅವರ ದಾಖಲೆಯೇ ಇಲ್ಲ ಎನ್ನುವುದು ಸೋಮಾರಿತನ. ತೋಟಿ, ತಳವಾರ, ನೀರಗಂಟಿ ಎಂಬ ಊರ ಚಾಕರಿಗೆ ಇನಾಂ (ಸೇವೆಗೆ ಪ್ರತಿಯಾಗಿ ಕೊಟ್ಟ) ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಅದನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ ಚಾಕರಿ ಯಾರಿಂದ ಯಾರಿಗೆ ಬಂತು ಎಂಬ ವಂಶಾವಳಿ ಇರುತ್ತದೆ. ಗೇಣಿದಾರರಿಗಾಗಿ ಭೂನ್ಯಾಯ ಮಂಡಳಿಯ ಕಡತ ನೋಡಿ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ 1979ರ ಜೂನ್ 30ರವರೆಗೆ ಸಲ್ಲಿಸಿದ ನಮೂನೆ 7 (ಉಳುವ ಜಮೀನಿನ ಹಕ್ಕು ಕೋರುವ) ಅರ್ಜಿ ಮತ್ತು ಹೇಳಿಕೆಗಳಲ್ಲಿ ‘ನಮ್ಮ ತಂದೆ ಕಾಲದಿಂದ ಉಳುತ್ತಿದ್ದೇವೆ’ ಎಂಬುದು ಹೆಸರು ಸಮೇತ ದಾಖಲಾಗಿದೆ. ಕೈಬರಹದ ಪಹಣಿಯ ಹನ್ನೆರಡನೇ ಕಾಲಂನಲ್ಲಿ ಉಳುಮೆದಾರನ ಹೆಸರೂ ಇದೆ, ಇದನ್ನು ಒಂಬತ್ತನೆಯದರಷ್ಟೇ ಗಮನವಿಟ್ಟು ನಕಲು ಮಾಡಬೇಕು.

ಹೆಳವರ ಪಟ್ಟಿಗೆ ಬರೋಣ. ಎತ್ತು, ಗಂಟೆಯೊಂದಿಗೆ ಮನೆ ಮುಂದೆ ಬಂದು ವಂಶ ಹೊಗಳುವ ಹೆಳವರು ಬಾಯಲ್ಲಿ ಹೇಳುವುದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ವ್ಯತ್ಯಾಸವಿದೆ. ಒಪ್ಪಿಗೆ ಪಡೆದು ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿ. ತಾಳೆ ಹಾಕಿದಷ್ಟರ ಮಟ್ಟಿಗೆ, ಅಣ್ಣತಮ್ಮಂದಿರ ಹಿರಿಕಿರಿಯ ಕ್ರಮದಲ್ಲಿ ಅವರ ಪಟ್ಟಿ ಪಾಲುಪತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ವರ್ಷಗಳಿಲ್ಲ. ಊರು ಬಿಟ್ಟುಹೋದ ಕವಲು ಅಲ್ಲಿಗೇ ನಿಲ್ಲುತ್ತದೆ. ಐದಾರು ತಲೆ ಮೇಲಕ್ಕೆ ಹೋದಾಗ ಹಲವು ಮನೆಗಳು ಒಬ್ಬನೇ ಮೂಲಪುರುಷನಿಗೆ ಸೇರುತ್ತವೆ, ಆ ಭಾಗವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿದ್ದೇವೆ. ಊರಿನ ವೀರಗಲ್ಲು, ಶಾಸನಗಳ ಹೆಸರುಗಳನ್ನು ಸೇರಿಸಿಲ್ಲ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ (1898) ಈ ತಾಲ್ಲೂಕಿನ ಶಾಸನಗಳಿವೆ, ಓದಲು ಸೊಗಸಾಗಿವೆ. ಆದರೆ ಹೊಯ್ಸಳರ ಕಾಲದ ಗಾವುಂಡನಿಗೂ ಇವತ್ತಿನ ಗೌಡರ ಮನೆಗೂ ನಡುವೆ ಆರೇಳು ನೂರು ವರ್ಷ ಕಾಗದವೇ ಇಲ್ಲ.

ದಾಖಲೆ ತುಂಬಲು ಗ್ರಾಂಪ್ಸ್ ತಂತ್ರಾಂಶ ಬಳಸುತ್ತಿದ್ದೇವೆ, ಉಚಿತ, ಯೂನಿಕೋಡ್ ಕನ್ನಡ ತೊಂದರೆಯಿಲ್ಲ. ಪ್ರತಿ ಹೆಸರಿಗೆ ಎರಡು ರೂಪ: ಮೂಲದಲ್ಲಿದ್ದಂತೆ ಒಂದು, ಹುಡುಕಲು ಏಕರೂಪಗೊಳಿಸಿದ್ದು ಇನ್ನೊಂದು. ‘ಗವುಡ’ವನ್ನು ‘ಗೌಡ’ ಎಂದು ತಿದ್ದಿ ಮೂಲ ಅಳಿಸಿದರೆ ಆಮೇಲೆ ಯಾವ ಶಾನುಭೋಗರ ಕೈಬರಹ ಎಂದು ಗುರುತಿಸುವ ಸುಳಿವೂ ಹೋಗುತ್ತದೆ. ಚಿತ್ರದ ಕಡತಕ್ಕೆ ಗ್ರಾಮ, ಸರ್ವೆ ನಂಬರ್, ದಾಖಲೆಯ ಬಗೆ, ವರ್ಷ, ಇದೇ ಕ್ರಮದಲ್ಲಿ ಹೆಸರು. ಬದುಕಿರುವವರ ವಿವರ ಹಂಚುವ ಪ್ರತಿಯಲ್ಲಿ ಇರುವುದಿಲ್ಲ. ಜಾತಿ, ಸಾಲ, ದಾವೆಯ ಕಾಲಮ್ಮುಗಳನ್ನೂ ತೆಗೆದಿದ್ದೇವೆ, ಪಾಲಿನ ತಕರಾರು ಇನ್ನೂ ಕೋರ್ಟಿನಲ್ಲಿರುವ ಮನೆಗಳಿವೆ.

ಮುಂದಿನ ಸರದಿ ಭೂನ್ಯಾಯ ಮಂಡಳಿಯ ಕಡತಗಳದು. ಅವಕ್ಕೆ ಊರುವಾರು ಸೂಚಿ ಮೊದಲು ತಯಾರಾಗಬೇಕು, ಆಮೇಲೆ ಹನ್ನೆರಡನೇ ಕಾಲಂನ ಉಳುಮೆದಾರರ ಪಟ್ಟಿಯ ಜೊತೆ ಜೋಡಣೆ. 1969ರ ಜನನ ಮರಣ ನೋಂದಣಿ ಕಾಯ್ದೆಗೂ ಹಿಂದಿನ ಊರಿನ ಜನನ ಮರಣ ಪುಸ್ತಕಗಳು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಮೂಲ ಅಲ್ಲೇ ಇರಲಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಪುಟಪುಟವೂ ರಟ್ಟು ಸಮೇತ ಚಿತ್ರ ತೆಗೆದರೆ ಸಾಕು.